ಹರಕೆಯಿಂದ ಕರೆಗೆ: ಮಲಪ್ರಭೆಯ ದಂಡೆಯಲ್ಲಿ ನಿಂತು ದೈವಕರೆ ಶಿಬಿರದ ಚರಿತ್ರೆಯನ್ನು ನೋಡುವುದು

‘ದೇವರಿಗೆ ಬಿಡುವುದು’ ಎಂಬ ಮಾತು ಬೆಳಗಾವಿ ಸೀಮೆಯ ಕನ್ನಡದಲ್ಲಿ ಬಹಳ ಹಳೆಯದು. ಹೋರಿಯನ್ನು ದೇವರಿಗೆ ಬಿಡುತ್ತಾರೆ, ಕೂದಲನ್ನು ಬಿಡುತ್ತಾರೆ. ಒಂದು ಕಾಲದಲ್ಲಿ ಮಕ್ಕಳನ್ನೂ ಬಿಡುತ್ತಿದ್ದರು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುತ್ತಿದ್ದ ಬಡ ಕುಟುಂಬಗಳಲ್ಲಿ ಹರಕೆ ಹೊತ್ತವರು ತಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸುತ್ತಿದ್ದರು. ಮಗುವಿನ ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆಯಾದರೆ, ಅದು ದೇವಿಯ ಕರೆಯೆಂದು ಹಿರಿಯರು ಓದುತ್ತಿದ್ದರು. ಈ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಾಗ 1934ರಲ್ಲಿಯೂ, ಅನಂತರ ಕರ್ನಾಟಕ ರಾಜ್ಯವು 1982ರಲ್ಲಿಯೂ ಈ ಸಮರ್ಪಣೆಯನ್ನು ಕಾನೂನಿನ ಮೂಲಕ ನಿಷೇಧಿಸಿದವು. ಕಾನೂನಿನ ತಿರುಳು ಸರಳವಾದದ್ದು: ಒಂದು ಮಗುವಿನ ಬಾಳನ್ನು ಇನ್ನೊಬ್ಬರು ಹೊತ್ತ ಹರಕೆಯಿಂದ ತೀರಿಸಲಾಗದು.

ದೈವಕರೆ ಶಿಬಿರಗಳನ್ನು ಕುರಿತ ಬರಹಕ್ಕೆ ಯಲ್ಲಮ್ಮನ ಗುಡ್ಡದಿಂದ ಏಕೆ ಹೊರಡಬೇಕು ಎಂದು ಓದುಗರು ಕೇಳಬಹುದು. ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರುಗಳ ಹಳ್ಳಿಯಿಂದ ಹತ್ತನೆಯ ತರಗತಿ ಮುಗಿಸಿದ ಹುಡುಗನೊಬ್ಬನನ್ನು ನಾವು ಶಿಬಿರಕ್ಕೆ ಕರೆದೊಯ್ಯುವಾಗ, ನೋಡುವವರ ಕಣ್ಣಿಗೆ ಅದಕ್ಕೊಂದು ಹೆಸರು ಮೊದಲೇ ಸಿದ್ಧವಾಗಿರುತ್ತದೆ. ಹುಡುಗನನ್ನು ದೇವರಿಗೆ ಬಿಟ್ಟರು ಎಂದೇ ಅವರಿಗೆ ಕಾಣುತ್ತದೆ. ಹಾಗೆ ಕಾಣುವುದು ಅವರ ಅಜ್ಞಾನವೆಂದು ನಕ್ಕು ಸುಮ್ಮನಾಗುವ ಮುನ್ನ ನಮ್ಮ ಧರ್ಮಸಭೆಯ ಚರಿತ್ರೆಯನ್ನೊಮ್ಮೆ ತೆರೆದು ನೋಡುವುದು ಒಳಿತು. ನಾವೂ ಮಕ್ಕಳನ್ನು ಬಿಡಿಸಿಕೊಂಡಿದ್ದೇವೆ. ಅದರಿಂದ ಹೊರಬರಲು ನಮಗೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿದೆ.

ಈ ಕಣಿವೆಯಲ್ಲಿ ಇನ್ನೊಂದು ಮಾದರಿಯೂ ಇದೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಸವದತ್ತಿಯ ನವಿಲುತೀರ್ಥದಲ್ಲಿ ತಡೆದು ನಿಲ್ಲುವ ಮಲಪ್ರಭೆ, ರಾಮದುರ್ಗವನ್ನು ದಾಟಿ ಬಾದಾಮಿಯ ಕಡೆಗೆ ಹರಿಯುತ್ತದೆ. ಅಲ್ಲಿ ಅದೇ ಹೊಳೆಯ ದಂಡೆಯ ಮೇಲೆ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ವೀರಶೈವ ಮಠಗಳಿಗೆ ಮರಿಗಳಾಗಿ ಬಂದ ಬಾಲಕರಿಗೆ ಶಾಸ್ತ್ರ, ಯೋಗ, ಸಂಗೀತಗಳಲ್ಲಿ ಕ್ರಮಬದ್ಧ ಶಿಕ್ಷಣ ಕೊಡುವುದು ಅವರ ಉದ್ದೇಶವಾಗಿತ್ತು. ಮಠಕ್ಕೆ ಮರಿಯನ್ನು ಆರಿಸುವವರು ಹಿರಿಯರು. ಆದರೂ ಆ ಪರಂಪರೆ ತನ್ನ ಮಠಗಳಿಗೆ ಇಟ್ಟುಕೊಂಡ ‘ವಿರಕ್ತ’ ಎಂಬ ಹೆಸರಿನಲ್ಲಿಯೇ ಒಂದು ಎಚ್ಚರವಿದೆ. ವಿರಕ್ತಿಯನ್ನು ಒಬ್ಬರ ಪರವಾಗಿ ಇನ್ನೊಬ್ಬರು ಪಡೆಯಲಾಗದು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ತೊಟ್ಟು, ಸಸ್ಯಾಹಾರಿಗಳಾಗಿ, ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತಮಠದಲ್ಲಿ ಬಾಳಿದಾಗ ಈ ಪದವನ್ನೇ ಎತ್ತಿಕೊಂಡರು. ಸುತ್ತಲಿನ ಜನರಿಗೆ ಅದು ಅರ್ಥವಾಯಿತು. ಸ್ನಾನಿಕ ಅರುಳಪ್ಪನವರೂ ತಂದೆತಾಯಿಗಳ ಮುಪ್ಪಿನಲ್ಲಿ ಹುಟ್ಟಿದ ಮಗು, ತಾಯಿಯ ಗರ್ಭದಲ್ಲಿರುವಾಗಲೇ ಗುರುತುಹೊಂದಿದ ಮಗು ಎಂಬುದನ್ನು ಗಮನಿಸಿದರೆ, ಆ ಮಠಕ್ಕೆ ಆ ಹೆಸರು ಹೊಂದಿಕೊಂಡ ಬಗೆ ಇನ್ನಷ್ಟು ಸ್ವಾರಸ್ಯವಾಗಿ ತೋರುತ್ತದೆ.

ಹರಕೆಯ ಮಗು ಪವಿತ್ರ ಗ್ರಂಥಕ್ಕೆ ಹೊರಗಿನದಲ್ಲ. ಹನ್ನಳು ಮಗನಿಗಾಗಿ ಹರಕೆ ಹೊತ್ತಳು. ಹಾಲು ಬಿಡಿಸಿದ ಮೇಲೆ ಸಮುವೇಲನನ್ನು ಶಿಲೋವಿಗೆ ಒಯ್ದು ಯಾಜಕ ಏಲಿಯ ಕೈಗೊಪ್ಪಿಸಿದಳು. ನಮ್ಮ ಶಿಬಿರಗಳಲ್ಲಿ ಈ ಪ್ರಸಂಗವನ್ನು ಓದದೆ ಬಿಡುವುದಿಲ್ಲ. ಆದರೆ ಓದುವಾಗ ಒಂದು ಸೂಕ್ಷ್ಮವನ್ನು ಹಾರಿಹೋಗುತ್ತೇವೆ. ತಾಯಿ ಕೊಟ್ಟಾಗಿತ್ತು, ಹುಡುಗ ದೇವಾಲಯದಲ್ಲಿಯೇ ಮಲಗುತ್ತಿದ್ದ, ಯಾಜಕರಂತೆ ನಾರುಬಟ್ಟೆಯ ಏಫೋದನ್ನೂ ಧರಿಸಿದ್ದ. ಆದರೂ ಅವನು ಇನ್ನೂ ಸರ್ವೇಶ್ವರನನ್ನು ಅರಿತಿರಲಿಲ್ಲ ಎಂದು ಗ್ರಂಥಕರ್ತ ಸ್ಪಷ್ಟವಾಗಿ ಹೇಳುತ್ತಾನೆ. ತಾಯಿಯ ಹರಕೆ ತೀರಿದ ಮೇಲೂ ದೇವರು ಆ ಹುಡುಗನನ್ನು ಅವನ ಹೆಸರು ಹಿಡಿದು ಬೇರೆಯಾಗಿ ಕರೆಯಬೇಕಾಯಿತು. ಏಲಿಯಾದರೋ ಎರಡು ಬಾರಿ ಹುಡುಗನನ್ನು ಹಾಸಿಗೆಗೆ ಹಿಂದಕ್ಕೆ ಕಳುಹಿಸಿದ. ಮೂರನೆಯ ಬಾರಿ ವಿಷಯ ಹೊಳೆದಾಗಲೂ ಅವನ ಪರವಾಗಿ ತಾನು ಉತ್ತರಿಸಲಿಲ್ಲ. ಹೇಗೆ ಉತ್ತರಿಸಬೇಕೆಂದು ಮಾತ್ರ ಕಲಿಸಿಕೊಟ್ಟು ಮತ್ತೆ ಮಲಗಲು ಕಳುಹಿಸಿದ.

ಪಾಶ್ಚಾತ್ಯ ಧರ್ಮಸಭೆ ಹನ್ನಳನ್ನು ನೆನಪಿಟ್ಟುಕೊಂಡಷ್ಟು ಏಲಿಯನ್ನು ನೆನಪಿಟ್ಟುಕೊಳ್ಳಲಿಲ್ಲ. ಸಂತ ಬೆನೆಡಿಕ್ಟರ ನಿಯಮಾವಳಿಯ 59ನೆಯ ಅಧ್ಯಾಯದಲ್ಲಿ, ಪೋಷಕರು ತಮ್ಮ ಮಗನನ್ನು ಮಠಕ್ಕೆ ಅರ್ಪಿಸುವಾಗ ಒಪ್ಪಂದದ ಪತ್ರವನ್ನೂ ಹುಡುಗನ ಕೈಯನ್ನೂ ಬಲಿಪೀಠದ ವಸ್ತ್ರದಲ್ಲಿ ಸುತ್ತಬೇಕೆಂಬ ವಿಧಿಯಿದೆ. 633ರ ತೊಲೇದೊ ಸಭೆಯು ಸಂನ್ಯಾಸಿಯಾಗುವುದಕ್ಕೆ ಎರಡು ದಾರಿಗಳನ್ನು ಒಪ್ಪಿತು: ತಂದೆಯ ಭಕ್ತಿ ಅಥವಾ ತನ್ನದೇ ಪ್ರತಿಜ್ಞೆ. ಎರಡಕ್ಕೂ ಸಮಾನ ಬಲ. ಎರಡರಿಂದಲೂ ಹಿಂದಿರುಗುವ ದಾರಿಯಿಲ್ಲ.

ಈ ವ್ಯವಸ್ಥೆಯನ್ನು ಬಹಿರಂಗವಾಗಿ ಪ್ರಶ್ನಿಸಿದವನು ಸ್ಯಾಕ್ಸನ್ ಕುಲೀನನೊಬ್ಬನ ಮಗ, ಗೊಟ್‌ಶಾಲ್ಕ್. ಬಾಲ್ಯದಲ್ಲಿಯೇ ಅವನನ್ನು ಫುಲ್ಡಾದ ಮಠಕ್ಕೆ ಅರ್ಪಿಸಲಾಗಿತ್ತು. ಬೆಳೆದ ಮೇಲೆ ಅವನು, ಈ ಬಾಳನ್ನು ನಾನು ಆರಿಸಿಕೊಂಡಿಲ್ಲ, ಬಲವಂತದಿಂದ ನನ್ನ ಮೇಲೆ ಹೊರಿಸಲಾಯಿತು ಎಂದು ವಾದಿಸಿದ. 829ರ ಮೈನ್ಸ್ ಸಭೆ ಅವನ ಮಾತನ್ನು ಮನ್ನಿಸಿ ಬಿಡುಗಡೆ ನೀಡಿತು. ಅವನ ಮಠಾಧಿಪತಿ ರಬಾನುಸ್ ಮೌರುಸ್ ಸಾಮಾನ್ಯ ವ್ಯಕ್ತಿಯಲ್ಲ. ಆ ಶತಮಾನದ ಮಹಾ ವಿದ್ವಾಂಸರಲ್ಲಿ ಒಬ್ಬ. ಅವನು ಬಾಲಕರ ಅರ್ಪಣೆಯನ್ನು ಸಮರ್ಥಿಸಿ ಗ್ರಂಥವನ್ನೇ ಬರೆದು, ಚಕ್ರವರ್ತಿ ಲೂಯಿಯ ಬಳಿ ಮೇಲ್ಮನವಿ ಹೋದ. ಗೊಟ್‌ಶಾಲ್ಕ್ ಫುಲ್ಡಾವನ್ನು ಬಿಟ್ಟರೂ ಸಂನ್ಯಾಸಿಯಾಗಿಯೇ ಉಳಿಯಬೇಕಾಯಿತು. ಮುಂದೆ ಇದೇ ವ್ಯಕ್ತಿ, ದೇವರು ಪ್ರತಿಯೊಬ್ಬನ ಗತಿಯನ್ನೂ ಮೊದಲೇ ನಿರ್ಧರಿಸಿದ್ದಾನೆಂಬ ಬೋಧನೆಗಾಗಿ ಖಂಡನೆಗೊಳಗಾಗಿ ಸೆರೆಯಲ್ಲಿ ಸತ್ತ. ತನ್ನ ಬಾಳು ಬೇರೆಯವರಿಂದ ನಿರ್ಧಾರವಾದ ಹುಡುಗ ಬೆಳೆದು ಇಂಥ ದೇವಶಾಸ್ತ್ರ ಕಟ್ಟಿದ ಎಂದು ಹೇಳಿಬಿಡುವ ಆಸೆ ಚರಿತ್ರಕಾರನಿಗೆ ಹುಟ್ಟುತ್ತದೆ. ಅದಕ್ಕೆ ಆಧಾರ ಸಾಲದು. ಆದರೂ ಆ ಆಸೆಯನ್ನು ಪೂರ್ತಿ ಬಿಟ್ಟುಕೊಡಲು ನನಗೆ ಮನಸ್ಸು ಬಾರದು.

ನಾಲ್ಕು ಶತಮಾನಗಳ ಅನಂತರ ಅಕ್ವಿನಾಸಿನ ಸಂತ ಥಾಮಸರ ಬಾಳಿನಲ್ಲಿ ಎರಡು ದಾರಿಗಳೂ ಕೂಡಿ ಬಂದವು. ಸುಮಾರು ಐದು ವರ್ಷದ ಮಗುವಾಗಿದ್ದಾಗ ಮನೆಯವರೇ ಅವರನ್ನು ಮೊಂಟೆ ಕಸ್ಸಿನೊ ಮಠಕ್ಕೆ ಅರ್ಪಿಸಿದರು. ತರುಣರಾಗಿ ತಾವೇ ದೊಮಿನಿಕರ ಸಂಘವನ್ನು ಆರಿಸಿಕೊಂಡಾಗ ಅದೇ ಮನೆಯವರು ಸುಮಾರು ಒಂದು ವರ್ಷ ಕೂಡಿಹಾಕಿದರು. ಕೊಡಲು ಸಿದ್ಧವಿದ್ದ ಮನೆ, ಮಗ ತಾನಾಗಿ ಹೊರಟಾಗ ಅಡ್ಡ ಬಂತು. ಹಾಗೆಂದು ಥಾಮಸರು ಬಾಲಕರನ್ನು ಸೇರಿಸಿಕೊಳ್ಳುವುದನ್ನು ವಿರೋಧಿಸಿದರೆಂದು ತಿಳಿಯಬಾರದು. ತಮ್ಮ ‘ಸುಮ್ಮಾ’ದ ಎರಡನೆಯ ಭಾಗದ ಕೊನೆಗೆ ಈ ಪ್ರಶ್ನೆಯನ್ನೇ ಎತ್ತಿಕೊಂಡು, ಸೇರಿಸಿಕೊಳ್ಳಬಹುದೆಂದೇ ವಾದಿಸುತ್ತಾರೆ. ಚರಿತ್ರೆ ನಮ್ಮ ಅನುಕೂಲಕ್ಕೆ ತಕ್ಕಂತೆ ಸಾಲಾಗಿ ನಿಲ್ಲುವುದಿಲ್ಲ.

ಗುರುಮಠದ ವ್ಯವಸ್ಥೆ ಹುಟ್ಟಿದ್ದು 1563ರ ಜುಲೈ 15ರಂದು, ತ್ರೆಂತ್ ಮಹಾಸಭೆಯ 23ನೆಯ ಅಧಿವೇಶನದಲ್ಲಿ. ಹದಿವಯಸ್ಸು ಲೋಕಸುಖದ ಕಡೆಗೆ ವಾಲುವ ವಯಸ್ಸಾದ್ದರಿಂದ ಎಳವೆಯಲ್ಲಿಯೇ ತಿದ್ದಬೇಕೆಂಬುದು ಅಲ್ಲಿಯ ತರ್ಕ. ಕನಿಷ್ಠ 12 ವರ್ಷ ತುಂಬಿರಬೇಕು, ಓದುಬರಹ ತಕ್ಕಮಟ್ಟಿಗೆ ತಿಳಿದಿರಬೇಕು, ಹುಡುಗನ ಸ್ವಭಾವವೂ ಮನಸ್ಸೂ ಧರ್ಮಸಭೆಯ ಸೇವೆಯಲ್ಲಿ ನೆಲೆಸುವ ಭರವಸೆ ಕೊಡಬೇಕು. ಬಡವರ ಮಕ್ಕಳನ್ನೇ ಮುಖ್ಯವಾಗಿ ಆರಿಸಬೇಕೆಂಬ ಮಾತು ಆ ನಿರ್ಣಯದಲ್ಲಿದೆ. ಸಿರಿವಂತರನ್ನು ಹೊರಗಿಡುವುದಿಲ್ಲ, ಆದರೆ ಅವರು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಬೇಕು. ಹರಕೆಯ ಸಂಪ್ರದಾಯದಿಂದ ಇದೊಂದು ದೊಡ್ಡ ಹೆಜ್ಜೆ, ಏಕೆಂದರೆ ಇಲ್ಲಿ ಹುಡುಗನ ‘ಮನಸ್ಸು’ ಎಂಬುದು ಮೊದಲ ಬಾರಿಗೆ ಅರ್ಹತೆಯ ಪಟ್ಟಿಯಲ್ಲಿ ಬಂತು. ಆದರೆ ಆ ಮನಸ್ಸನ್ನು ಕೇಳಿ ತಿಳಿಯುವ ವಿಧಾನವೊಂದನ್ನು ಮಹಾಸಭೆ ಹೇಳಲಿಲ್ಲ. ಹೆಣ್ಣುಮಕ್ಕಳನ್ನು ಬಲವಂತವಾಗಿ ಕನ್ಯಾಮಠಕ್ಕೆ ಸೇರಿಸುವವರಿಗೆ ಅದೇ ವರ್ಷ ಬಹಿಷ್ಕಾರದ ಶಿಕ್ಷೆಯನ್ನು ವಿಧಿಸಿದ ಸಭೆ, ಹುಡುಗರ ವಿಷಯದಲ್ಲಿ ಅಷ್ಟು ಕಟುವಾಗಿ ಮಾತಾಡಲಿಲ್ಲ.

ಆ ವಿಧಾನ ಬೇರೊಂದು ಕಡೆ ಆಗಲೇ ಸಿದ್ಧವಾಗಿತ್ತು. ಲೊಯೋಲದ ಸಂತ ಇಗ್ನೇಷಿಯಸರ ‘ಆಧ್ಯಾತ್ಮಿಕ ಸಾಧನೆಗಳು’ 1548ರಲ್ಲಿ ಅಚ್ಚಾದವು. ಇಂದಿನ ಎಲ್ಲ ದೈವಕರೆ ಧ್ಯಾನಕೂಟಗಳಿಗೂ, ಅವು ಒಪ್ಪಲಿ ಬಿಡಲಿ, ಮೂಲ ಅಲ್ಲಿದೆ. ಬಾಳಿನ ಸ್ಥಿತಿಯನ್ನು ಆರಿಸಿಕೊಳ್ಳುವ ‘ಆಯ್ಕೆ’ಯ ಭಾಗ ನಮಗೆಲ್ಲ ಪರಿಚಿತ. ನಾವು ಕಡಿಮೆ ಓದುವುದು ಆರಂಭದ ಸೂಚನೆಗಳನ್ನು. 14ನೆಯ ಸೂಚನೆಯ ಪ್ರಕಾರ, ಸಾಧಕನು ಸಾಂತ್ವನದಲ್ಲಿ, ಉತ್ಸಾಹದಲ್ಲಿ ತುಂಬಿರುವಾಗ ಆತುರದ ಪ್ರತಿಜ್ಞೆ ಮಾಡದಂತೆ ಮಾರ್ಗದರ್ಶಿ ಅವನನ್ನು ತಡೆಯಬೇಕು; ಸ್ವಭಾವ ಚಂಚಲವಾದಷ್ಟೂ ಹೆಚ್ಚು ಎಚ್ಚರಿಸಬೇಕು. 15ನೆಯದರಲ್ಲಿ, ಮಾರ್ಗದರ್ಶಿ ಸಂನ್ಯಾಸದ ಕಡೆಗಾಗಲಿ ಅದರ ವಿರುದ್ಧವಾಗಲಿ ವಾಲದೆ, ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಡನೆ ನೇರವಾಗಿ ವ್ಯವಹರಿಸಲು ಬಿಡಬೇಕೆಂದಿದೆ. ಧ್ಯಾನಕೂಟದ ಹೊರಗೆ ಯೋಗ್ಯರನ್ನು ಸಂನ್ಯಾಸಕ್ಕೆ ಪ್ರೋತ್ಸಾಹಿಸಬಹುದು ಎಂದು ಇಗ್ನೇಷಿಯಸರೇ ಒಪ್ಪುತ್ತಾರೆ, ಒಳಗೆ ಕೂಡದು. ಅಂದರೆ, ಆಹ್ವಾನ ಮತ್ತು ವಿವೇಚನೆ ಎರಡನ್ನೂ ಒಂದೇ ಚಾವಡಿಯಲ್ಲಿ ನಡೆಸಬಾರದು.

ಮುಂದಿನ ಶತಮಾನಗಳು ಈ ಎರಡನ್ನೂ ಬೆರೆಸಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನ್ ಕ್ಷೇತ್ರಗಳಿಗೆ ಗುರುಗಳು ಬೇಕಾದಾಗ ಫ್ರಾನ್ಸಿನ ಯೇಸುಸಭೆಯವರಾದ ಆಲ್ಬೆರಿಕ್ ದ ಫೊರೆಸ್ತಾ 1865ರಲ್ಲಿ ಆವಿಞೋನ್ ನಗರದಲ್ಲಿ ಬಡ ಹುಡುಗರಿಗಾಗಿ ಮೊದಲ ‘ಪ್ರೇಷಿತ ಶಾಲೆ’ಯನ್ನು ತೆರೆದರು. ಅದರ ಮಾದರಿ ಬೇಗನೆ ಹರಡಿತು. ಶಾಲೆ, ವಸತಿ, ಧ್ಯಾನಕೂಟ, ಆಯ್ಕೆ ಎಲ್ಲವೂ ಒಂದೇ ಛಾವಣಿಯ ಕೆಳಗೆ ಬಂದವು. ಬಡತನದಿಂದ ಬಂದ ಹುಡುಗನಿಗೆ ಅಲ್ಲಿಂದ ಹೊರಡುವುದೆಂದರೆ ದೈವಕರೆಯೊಂದಿಗೆ ವಿದ್ಯೆಯನ್ನೂ ಅನ್ನವನ್ನೂ ಬಿಟ್ಟು ಹೊರಡುವುದು ಎಂದಾಯಿತು.

ಇದೇ ಹೊತ್ತಿಗೆ ದೈವಕರೆ ಎಂದರೇನು ಎಂಬ ಮೂಲ ಪ್ರಶ್ನೆಯ ಮೇಲೆ ಫ್ರೆಂಚ್ ದೇವಶಾಸ್ತ್ರಜ್ಞರಲ್ಲಿ ವಿವಾದವೆದ್ದಿತು. ಅದು ಹೃದಯದಲ್ಲಿ ಕೇಳಿಬರುವ ಒಳದನಿ, ಒಂದು ಸೆಳೆತ. ಅದಿಲ್ಲದವನು ಗುರುವಾಗಬಾರದು ಎಂಬುದು ಆಗಿನ ರೂಢಿಯ ಬೋಧನೆ. ಜೋಸೆಫ್ ಲಾಹಿತೋನ್ ಎಂಬ ಗುರುಗಳು 1909ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ, ಯಾಜಕತ್ವದ ಕರೆ ನಿಜವಾಗಿ ಬರುವುದು ಧರ್ಮಾಧ್ಯಕ್ಷರ ಬಾಯಿಂದ. ಅಭ್ಯರ್ಥಿಯಲ್ಲಿ ಇರಬೇಕಾದದ್ದು ಸದುದ್ದೇಶ ಮತ್ತು ಯೋಗ್ಯತೆ ಎಂದು ಪ್ರತಿಪಾದಿಸಿದರು. ಜಗದ್ಗುರು ಹತ್ತನೆಯ ಭಕ್ತಿನಾಥರು ನೇಮಿಸಿದ ಕಾರ್ಡಿನಲರ ಸಮಿತಿ 1912ರಲ್ಲಿ ಲಾಹಿತೋನರ ಪರವಾಗಿ ತೀರ್ಪಿತ್ತಿತು. ಒಳಗಿನ ಆಕರ್ಷಣೆ ದೈವಕರೆಗೆ ಅನಿವಾರ್ಯವಲ್ಲ. ಧರ್ಮಾಧ್ಯಕ್ಷರ ಸ್ವತಂತ್ರ ಆಯ್ಕೆಗೆ ಮುನ್ನ ಯಾರಿಗೂ ಅಭಿಷೇಕದ ಹಕ್ಕಿಲ್ಲ. ಗುರುಮಠದಲ್ಲಿ ಪಾಠ ಹೇಳುವಾಗ ಈ ತೀರ್ಪನ್ನು ವಿವರಿಸಿದರೆ ವಿದ್ಯಾರ್ಥಿಗಳು ಮೊದಲು ಅಚ್ಚರಿಪಡುತ್ತಾರೆ, ಅನಂತರ ಕೆಲವರ ಮುಖದಲ್ಲಿ ನಿರಾಳ ಕಾಣುತ್ತದೆ. ತಮಗೆ ಯಾವ ಒಳದನಿಯೂ ಕೇಳಿಸಲಿಲ್ಲವೆಂದು ಒಳಗೊಳಗೇ ಅಂಜಿದ್ದವರು ಅವರು.

ಎರಡನೆಯ ವ್ಯಾಟಿಕನ್ ಮಹಾಸಭೆ ಈ ಎರಡು ಬದಿಗಳನ್ನೂ ಕೂಡಿಸಲು ಯತ್ನಿಸಿತು. ಅದಕ್ಕೂ ಮುನ್ನ 1941ರಲ್ಲಿ ಹನ್ನೆರಡನೆಯ ಭಕ್ತಿನಾಥರು ಯಾಜಕ ದೈವಕರೆಗಳಿಗಾಗಿ ರೋಮಿನಲ್ಲಿ ಒಂದು ವಿಶೇಷ ಕಾರ್ಯಾಲಯವನ್ನು ತೆರೆದಿದ್ದರು; 1964ರಲ್ಲಿ ಆರನೆಯ ಪೌಲರು ದೈವಕರೆಗಳಿಗಾಗಿ ವಿಶ್ವ ಪ್ರಾರ್ಥನಾ ದಿನವನ್ನು ಆರಂಭಿಸಿದರು. 1965ರ ಅಕ್ಟೋಬರ್ 28ರ ‘ಒಪ್ತಾತಾಮ್ ತೋತಿಯುಸ್’ ನಿರ್ಣಯವು ಕಿರಿಯ ಗುರುಮಠಗಳನ್ನು ಉಳಿಸಿಕೊಂಡಿತು. ಆದರೆ ಅಲ್ಲಿಯ ಬಾಳು ಹುಡುಗರ ವಯಸ್ಸಿಗೆ ತಕ್ಕಂತಿರಬೇಕು, ಕುಟುಂಬದ ನಂಟು ಕಡಿಯಬಾರದು ಎಂದಿತು. ಮೂರನೆಯ ಪರಿಚ್ಛೇದದಲ್ಲಿ ಬರುವ ಇನ್ನೊಂದು ಮಾತಿನ ಮಹತ್ವ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಹುಡುಗ ಬೇರೊಂದು ಬಾಳನ್ನು ಆರಿಸಿಕೊಂಡರೆ ತೊಂದರೆಯಿಲ್ಲದೆ ಬೇರೆಡೆ ಓದು ಮುಂದುವರಿಸುವಂತೆ ಅಲ್ಲಿಯ ವಿದ್ಯಾಭ್ಯಾಸವನ್ನು ಏರ್ಪಡಿಸಬೇಕು ಎಂಬುದು ಆ ಮಾತು. ಗೊಟ್‌ಶಾಲ್ಕನಿಗೆ ಮುಚ್ಚಿದ್ದ ಬಾಗಿಲು ಇಲ್ಲಿ, ವಿದ್ಯಾಭ್ಯಾಸದ ವ್ಯವಸ್ಥೆಯ ಸಣ್ಣ ಸೂಚನೆಯೊಂದರ ರೂಪದಲ್ಲಿ, ತೆರೆಯಿತು. 1983ರ ಧರ್ಮಸಭಾ ಸಂಹಿತೆಯ 1026ನೆಯ ವಿಧಿ, ಯಾವ ಕಾರಣಕ್ಕೂ ಯಾರನ್ನೂ ದೀಕ್ಷೆಗೆ ಬಲವಂತಪಡಿಸುವಂತಿಲ್ಲ ಎಂದು ಹೇಳುವಾಗ ಇದೇ ದಾರಿಯಲ್ಲಿದೆ.

ಬೆಳಗಾವಿ ಸೀಮೆ ಈ ಚರಿತ್ರೆಯೊಳಗೆ ತಡವಾಗಿ ಬಂತು. 1953ರ ಸೆಪ್ಟೆಂಬರ್ 19ರಂದು ಗೋವಾ ಮಹಾಧರ್ಮಕ್ಷೇತ್ರದ ಮತ್ತು ಪುಣೆ ಧರ್ಮಕ್ಷೇತ್ರದ ಭಾಗಗಳಿಂದ ಬೆಳಗಾವಿ ಧರ್ಮಕ್ಷೇತ್ರ ರೂಪುಗೊಂಡು, ಮೈಕೆಲ್ ರೊಡ್ರಿಗಸ್‌ರವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಗೋವಾದ ರಾಶೋಲ್ ಗುರುಮಠದ ಪರಂಪರೆ ಹದಿನಾರನೆಯ ಶತಮಾನಕ್ಕೆ ಹೋಗುತ್ತದೆ. ಮಂಗಳೂರಿನ ಸಂತ ಜೋಸೆಫರ ಗುರುಮಠ 1879ರದು. ಪುದುಚೇರಿಯಿಂದ ಸಂತ ಪೇತ್ರರ ಗುರುಮಠ ಬೆಂಗಳೂರಿಗೆ ಬಂದದ್ದು 1934ರಲ್ಲಿ. ಪಟ್ಟಣ ಮತ್ತು ಖಾನಾಪುರದ ಕಡೆಯ ಕೊಂಕಣಿ, ಮರಾಠಿ ಮನೆಗಳಿಗೆ ಗುರುಮಠ ಹೊಸದಲ್ಲ. ಮೂಡಣ ತಾಲೂಕುಗಳ ಕನ್ನಡ ಮನೆಗಳ ಮಾತು ಬೇರೆ. ತಲೆತಲಾಂತರದಿಂದ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಗುರುವಾಗಿರುವ ಮನೆಯ ಹುಡುಗ ಶಿಬಿರಕ್ಕೆ ಬರುವಾಗ ಗುರುವಿನ ಬಾಳನ್ನು ಅಡುಗೆಮನೆಯಿಂದಲೇ ಬಲ್ಲ. ಜೋಳದ ಹೊಲದಲ್ಲಿ ಕೂಲಿ ಮಾಡುವ, ಅಥವಾ ಗೋವಾಕ್ಕೆ ದುಡಿಯಲು ಹೋಗಿರುವ ತಂದೆತಾಯಿಗಳ ಹುಡುಗ ಗುರುಗಳನ್ನು ಕಂಡಿರುವುದು ಬಲಿಪೂಜೆಯಲ್ಲಿ, ಇಲ್ಲವೆ ಶಾಲೆಯ ಕಚೇರಿಯಲ್ಲಿ.

ನಮ್ಮ ಧರ್ಮಕ್ಷೇತ್ರಗಳಲ್ಲಿ ಈಗ ರೂಢಿಯಾಗಿರುವ ಶಿಬಿರ ಬೇಸಿಗೆ ರಜೆಯ ಕೆಲವು ದಿನಗಳದು. ಎಸ್.ಎಸ್.ಎಲ್.ಸಿ. ಇಲ್ಲವೆ ಪಿ.ಯು.ಸಿ. ಮುಗಿಸಿದವರು ಧರ್ಮಕೇಂದ್ರದ ಗುರುಗಳ ಪತ್ರ ಹಿಡಿದು ಬರುತ್ತಾರೆ. ‘ಬಂದು ನೋಡಿ’ ಎಂಬ ಪ್ರಭುವಿನ ಮಾತೇ ಅದಕ್ಕೆ ಶೀರ್ಷಿಕೆ. ಪ್ರಾರ್ಥನೆ, ಉಪನ್ಯಾಸ, ಆಟ, ಪಾಪನಿವೇದನೆ, ಕೊನೆಗೆ ಒಬ್ಬೊಬ್ಬರೊಡನೆ ಮಾತುಕತೆ. ಇದರಲ್ಲಿ ತಪ್ಪೇನೂ ಇಲ್ಲ. ನನ್ನ ಆಕ್ಷೇಪಣೆ ಇರುವುದು, ಹಲವೆಡೆ ಬೆಳೆದುಬಂದಿರುವ ಕೊನೆಯ ರಾತ್ರಿಯ ವಿಧಿಗೆ. ದೀಪ ಆರಿಸಿ, ಮೇಣದ ಬತ್ತಿ ಹಚ್ಚಿ, ಕಣ್ಣೀರು ತರಿಸುವ ಗೀತೆಯ ನಡುವೆ ‘ಯೇಸು ಕರೆಯುತ್ತಿದ್ದಾನೆಂದು ಅನ್ನಿಸಿದವರು ಮುಂದೆ ಬನ್ನಿ’ ಎಂದು ಕರೆಯುವುದು. ಮನೆ ಬಿಟ್ಟು ಮೊದಲ ಬಾರಿ ಬಂದ ಹದಿನಾರರ ಹುಡುಗರಲ್ಲಿ ಹತ್ತು ಮಂದಿ ಎದ್ದರೆ ಹನ್ನೊಂದನೆಯವನು ಕುಳಿತಿರಲಾರ. 1912ರ ತೀರ್ಪು ಅನಿವಾರ್ಯವಲ್ಲ ಎಂದ ಭಾವನೆಯನ್ನು ನಾವಿಲ್ಲಿ ಏಕಮಾತ್ರ ಸಾಕ್ಷಿಯಾಗಿ ಹಿಡಿಯುತ್ತೇವೆ. ಇಗ್ನೇಷಿಯಸರು ತಡೆಯಬೇಕೆಂದ ಘಳಿಗೆಯಲ್ಲಿಯೇ ಮಾತು ಪಡೆಯುತ್ತೇವೆ. ಜಡೆಯನ್ನು ಕಂಡು ದೇವಿಯ ಕರೆಯೆಂದವರಿಗೂ ಕಣ್ಣೀರನ್ನು ಕಂಡು ದೈವಕರೆಯೆಂದವರಿಗೂ ಎಷ್ಟು ಅಂತರ?

‘ಯೋಗ್ಯತೆ’ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ರಾಮದುರ್ಗದ ಕನ್ನಡ ಶಾಲೆಯಿಂದ ಬಂದವನು ಇಂಗ್ಲಿಷಿನಲ್ಲಿ ನಡೆಯುವ ಸಂದರ್ಶನದಲ್ಲಿ ಮೌನವಾಗಿ ಕುಳಿತರೆ, ಆ ಮೌನ ಬುದ್ಧಿಯ ಕೊರತೆಯಲ್ಲ, ದೈವಕರೆಯ ಕೊರತೆಯಂತೂ ಅಲ್ಲವೇ ಅಲ್ಲ. ತ್ರೆಂತಿನ ಸಭೆ ಕೇಳಿದ್ದು ತಕ್ಕಮಟ್ಟಿನ ಓದುಬರಹ. ಸದುದ್ದೇಶದ ವಿಷಯದಲ್ಲಿಯೂ ಹೀಗೆಯೇ. ಓದು ಸಿಗುತ್ತದೆಂದು ಬಂದ ಹುಡುಗನ ಉದ್ದೇಶ ಅಶುದ್ಧವೆಂದು ನಾವು ಬೇಗ ತೀರ್ಮಾನಿಸುತ್ತೇವೆ. ಬಡವರ ಮಕ್ಕಳನ್ನು ಮುಖ್ಯವಾಗಿ ಕರೆಯಿರಿ ಎಂದ ಮಹಾಸಭೆಗೆ ಅವರು ಏಕೆ ಬರುತ್ತಾರೆಂಬುದು ತಿಳಿಯದೆ ಇರಲಿಲ್ಲ. ಉದ್ದೇಶ ಶುದ್ಧವಾಗುವುದಕ್ಕೆ ಕಾಲ ಬೇಕು, ಬೇರೆ ದಾರಿಯೂ ಕಣ್ಣೆದುರಿಗೆ ತೆರೆದಿರಬೇಕು. ಶಿಬಿರಕ್ಕೆ ಬಂದು ಬೇಡವೆಂದ ಹುಡುಗನಿಗೂ ಪಿ.ಯು.ಸಿ. ಓದಲು ಅದೇ ಧರ್ಮಕೇಂದ್ರ ನೆರವಾಗುತ್ತದೆಂದು ಮೊದಲ ದಿನವೇ ತಂದೆತಾಯಿಗಳ ಎದುರು ಹೇಳಿದರೆ, ಅನಂತರ ಅವನು ಹೇಳುವ ‘ಹೌದು’ ಎಂಬ ಮಾತಿಗೆ ತೂಕ ಬರುತ್ತದೆ.

ಮನೆಯ ಹರಕೆಯನ್ನೂ ಕೇಳಿ ತಿಳಿಯಬೇಕು. ಮಗನ ಕಾಯಿಲೆ ವಾಸಿಯಾದರೆ ಮಾತೆಗೆ ಒಪ್ಪಿಸುತ್ತೇನೆಂದು ಹೇಳಿಕೊಂಡ ತಾಯಂದಿರು ನಮ್ಮಲ್ಲೂ ಇದ್ದಾರೆ. ಅವರ ಭಕ್ತಿಯನ್ನು ಹೀಗಳೆಯಬೇಕಾಗಿಲ್ಲ. ತಾಯಿಯ ಹರಕೆ ತಾಯಿಯದು, ಅದು ಮಗನ ಕೊರಳಿಗೆ ಕಟ್ಟಿದ ಮುತ್ತಲ್ಲ ಎಂದು ಮನೆಯಲ್ಲಿ ಕುಳಿತು, ಮಗನ ಎದುರಿಗೇ, ಬಿಡಿಸಿ ಹೇಳುವ ಅಧಿಕಾರವೂ ಹೊಣೆಯೂ ಧರ್ಮಕೇಂದ್ರದ ಗುರುವಿಗಿದೆ. ಶಿಬಿರಕ್ಕೆ ಬರುವ ಹೆಚ್ಚಿನವರು 18 ತುಂಬದವರು; 2012ರ ಪೋಕ್ಸೊ ಕಾಯಿದೆಯ ಬಳಿಕ ಅವರ ಸುರಕ್ಷೆಯ ಬಗ್ಗೆ ನಾವು ಪತ್ರ, ಒಪ್ಪಿಗೆ, ಮೇಲ್ವಿಚಾರಣೆಗಳನ್ನು ಕಲಿಯುತ್ತಿದ್ದೇವೆ. ಇನ್ನೂ ಕಲಿಯಬೇಕಾದದ್ದು, ನಡುವೆ ಹಿಂದಿರುಗಿ ಬಂದ ಹುಡುಗನನ್ನು ಊರಿನಲ್ಲಿ ಎದುರುಗೊಳ್ಳುವ ರೀತಿ. ‘ಸಾಮಿ ಆಗಾಕ ಹೋಗಿ ಓಡಿ ಬಂದಾನ’ ಎಂಬ ಮಾತು ಅವನ ಬೆನ್ನಿಗೆ ಅಂಟುತ್ತದೆ. ಅಂಥವನು ಬಂದ ಮೊದಲ ಭಾನುವಾರ ಗುರುಗಳು ಅವನನ್ನು ಕರೆದು ಬಲಿಪೂಜೆಯಲ್ಲಿ ವಾಚನ ಓದಿಸಿದರೆ, ಊರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.